ತೊಡೆಗೆ ಕೈ ಊರಿ ಏಳುವ ಹುಡುಗ

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆಯ ಪಕ್ಕ ಆರು ವರ್ಷದ ಹುಡುಗನೊಬ್ಬ ಇದ್ದಾನೆ. ನೆಲದ ಮೇಲೆ ಕುಳಿತವನು ಏಳಬೇಕಾದರೆ ಮೊದಲು ಅಂಗೈ ನೆಲಕ್ಕೆ ಊರುತ್ತಾನೆ, ಸೊಂಟ ಮೇಲೆತ್ತುತ್ತಾನೆ, ಆಮೇಲೆ ಒಂದು ಕೈ ಮೊಣಕಾಲಿಗೆ, ಇನ್ನೊಂದು ತೊಡೆಗೆ, ಹೀಗೆ ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತಿ ನಿಲ್ಲುತ್ತಾನೆ. ಮೀನಖಂಡ ಮಾತ್ರ ದಪ್ಪ. "ನನ್ನ ಮೊಮ್ಮಗ ಪೈಲ್ವಾನ ಆಗ್ತಾನ" ಅಂತ ಅಜ್ಜನಿಗೆ ಖುಷಿ. "ಇಲ್ರೀ, ಏನೋ ಬ್ಯಾರೆ ಐತಿ" ಅಂತ ಅವ್ವ ಹೇಳುತ್ತಲೇ ಇದ್ದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ರಕ್ತ ಪರೀಕ್ಷೆಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಜಾಸ್ತಿ ಬಂತು. ಕಾಮಾಲೆ ಅಂತ ತಿಂಗಳುಗಟ್ಟಲೆ ಔಷಧಿ, ಪಥ್ಯ. ಆದರೆ ಈ ಎರಡು ಕಿಣ್ವಗಳು ಲಿವರ್‌ನಲ್ಲಷ್ಟೇ ಅಲ್ಲ, ಸ್ನಾಯುಗಳಲ್ಲೂ ಇರುತ್ತವೆ. ಸ್ನಾಯು ಒಡೆದರೂ ರಕ್ತಕ್ಕೆ ಸೋರುತ್ತವೆ. ಕೊನೆಗೆ ಇನ್ನೊಬ್ಬ ಡಾಕ್ಟರು ಸಿಪಿಕೆ ಅಂತ, ಸ್ನಾಯು ಒಡೆದಾಗ ರಕ್ತದಲ್ಲಿ ಏರುವ ಕಿಣ್ವದ ಪರೀಕ್ಷೆ ಮಾಡಿಸಿದರು. ಸುಮಾರು 200ರ ಒಳಗಿರಬೇಕಾದ್ದು 10,000 ದಾಟಿತ್ತು. ಆಮೇಲೆ ಜೀನ್ ಪರೀಕ್ಷೆಯಲ್ಲಿ ಖಚಿತವಾಯಿತು: ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಡಿಎಂಡಿ. ಹತ್ತಿರ ಹತ್ತಿರ 5,000 ಗಂಡು ಮಕ್ಕಳಲ್ಲಿ ಒಬ್ಬರಿಗೆ ಬರುವ, ಸ್ನಾಯುಗಳು ಕ್ರಮೇಣ ಸವೆಯುವ ಕಾಯಿಲೆ.

ನಮ್ಮ ಕಡೆ ಕೌದಿ ಹೊಲಿಯುತ್ತಾರಲ್ವಾ, ಆ ಹೊಲಿಗೆ ಹಳೆಯ ಬಟ್ಟೆಯ ಪದರಗಳನ್ನು ಹಿಡಿದಿಡುತ್ತದೆ. ಸ್ನಾಯುವಿನ ಎಳೆಗಳನ್ನು ಹಾಗೆ ಹಿಡಿದಿಡುವುದು ಡಿಸ್ಟ್ರೋಫಿನ್ ಎಂಬ ಪ್ರೋಟೀನು. ಅದು ಇಲ್ಲದಿದ್ದರೆ ಪ್ರತಿ ಎಳೆತಕ್ಕೂ ಎಳೆ ಹರಿಯುತ್ತದೆ, ಹರಿದ ಜಾಗದಲ್ಲಿ ಕ್ರಮೇಣ ಕೊಬ್ಬು ತುಂಬುತ್ತದೆ. ಮೀನಖಂಡ ದಪ್ಪ ಕಾಣುವುದಕ್ಕೆ ಇದೂ ಒಂದು ಕಾರಣ. ಸೋಮಾರಿ ಅಂತ ಇಂಥ ಮಗುವಿಗೆ ಬಸ್ಕಿ ಹೊಡೆಸಿದರೆ ಇನ್ನಷ್ಟು ಹರಿಯುತ್ತದೆ. ದಯವಿಟ್ಟು ಹೊಡೆಸಬೇಡಿ.

ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಇಲ್ಲ. ಆದರೆ ಬೇಗ ಗೊತ್ತಾದರೆ ಸ್ಟೆರಾಯ್ಡ್, ಫಿಸಿಯೋಥೆರಪಿ, ಹೃದಯದ ತಪಾಸಣೆ ಶುರು ಮಾಡಬಹುದು. ಮಗು ಇನ್ನೂ ಕೆಲವು ವರ್ಷ ತನ್ನ ಕಾಲ ಮೇಲೆ ನಡೆದಾಡಬಹುದು. ಸುಮ್ನೆ ಕಾಮಾಲೆ ಪಥ್ಯದಲ್ಲಿ ಕಳೆದುಹೋದದ್ದು ಆ ನಡೆಯುವ ದಿನಗಳು.

ಗೊತ್ತಾದ ಮೇಲೆ ಮನೆಯಲ್ಲಿ ಶುರುವಾದದ್ದು ಇನ್ನೊಂದು ನೋವು. "ಸೊಸಿ ಕಡಿಂದ ಬಂದೈತಿ" ಅಂದರು. ಡಿಸ್ಟ್ರೋಫಿನ್ ತಯಾರಿಸುವ ಜೀನ್, ಗಂಡು ಮಗುವಿಗೆ ತಾಯಿಯಿಂದ ಬರುವ ಎಕ್ಸ್ ಕ್ರೋಮೋಸೋಮಿನಲ್ಲಿರುವುದು ನಿಜ. ಆದರೆ ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳಲ್ಲಿ ತಾಯಿ ವಾಹಕಳೇ (ದೋಷವಿರುವ ಜೀನ್ ಹೊತ್ತವಳೇ) ಅಲ್ಲ, ದೋಷ ಹೊಸದಾಗಿ ಹುಟ್ಟಿರುತ್ತದೆ. ವಾಹಕಳಾಗಿದ್ದರೂ ಅದು ಅವಳು ಮಾಡಿದ ತಪ್ಪೇ? ಅವಳಿಗೂ ಅವಳ ಅಕ್ಕತಂಗಿಯರಿಗೂ ಬೇಕಾದದ್ದು ಜೀನ್ ಪರೀಕ್ಷೆ ಮತ್ತು ತಿಳಿಸಿ ಹೇಳುವ ಒಬ್ಬರು, ಬೈಗುಳ ಅಲ್ಲ.

ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯ ಪಟ್ಟಿಯಲ್ಲಿ ಡಿಎಂಡಿಯೂ ಇದೆ. ನಿಗದಿತ ಕೇಂದ್ರಗಳಲ್ಲಿ ಚಿಕಿತ್ಸೆಗೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗಬಹುದು. ಆದರೆ ನಮಗೆ ಅಂಥ ಕೇಂದ್ರ ಇರುವುದು ಬೆಂಗಳೂರಲ್ಲಿ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯಲ್ಲಿ. ನಡೆಯಲಾಗದ ಮಗುವನ್ನು ಹೊತ್ತುಕೊಂಡು, ಕೂಲಿ ಬಿಟ್ಟು, ರಾತ್ರಿಯಿಡೀ ರೈಲಿನಲ್ಲಿ ಹೋಗಬೇಕು. ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಜಿಲ್ಲಾ ಆಸ್ಪತ್ರೆಗಳಿಗೆ ತಿಂಗಳಿಗೊಮ್ಮೆಯಾದರೂ ಜೀನ್ ತಜ್ಞರು ಬಂದು ಕೂತರೆ ಎಷ್ಟೋ ಮನೆಗಳ ತಿರುಗಾಟ ತಪ್ಪುತ್ತದೆ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ನಿಮ್ಮ ಶಾಸಕರಿಗೆ ಇದೊಂದು ಪ್ರಶ್ನೆ ಕೇಳಲು ಹೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿ ಸೇರಿದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಿ.

ನಮ್ಮ ಪಕ್ಕದ ಮನೆಯ ಹುಡುಗನ ಕ್ಲಾಸು ಮೇಲಿನ ಮಹಡಿಯಲ್ಲಿತ್ತು. ಅವನ ಅವ್ವ ಮೂರು ಸಲ ಹೋಗಿ ಕೇಳಿದ ಮೇಲೆ ಈ ವರ್ಷ ಇಡೀ ಒಂದನೇ ತರಗತಿಯನ್ನೇ ಕೆಳಗೆ ತಂದಿದ್ದಾರೆ. ಬಾಗಿಲ ಪಕ್ಕದ ಬೆಂಚು ಅವನದು.