ಗುಂಡು ಹಾರಿಸಿದವನಿಗೆ ಅನುಕಂಪ, ತಡೆದವನಿಗೆ ಬೈಗುಳ

1968ರ ಮಾರ್ಚ್ 16ರ ಬೆಳಗ್ಗೆ. ವಿಯೆಟ್ನಾಂನ ಮೈ ಲಾಯ್ ಹಳ್ಳಿಯ ಮೇಲೆ ಒಂದು ಸಣ್ಣ ಹೆಲಿಕಾಪ್ಟರ್ ತೀರಾ ಕೆಳಗೆ ಸುತ್ತುತ್ತಿತ್ತು. ಓಡಿಸುತ್ತಿದ್ದವನು ಅಮೆರಿಕ ಸೇನೆಯ ಹ್ಯೂ ಥಾಂಪ್ಸನ್, ವಯಸ್ಸು 24. ಶತ್ರು ಎಲ್ಲಿ ಅಡಗಿದ್ದಾನೆ ಅಂತ ಮೇಲಿನಿಂದ ಹುಡುಕುವುದು ಅವನ ಕೆಲಸ. ಶತ್ರು ಕಾಣಲಿಲ್ಲ. ಹಳ್ಳದ ತುಂಬ ಹೆಣ ಕಂಡವು. ಹೆಂಗಸರು, ಮಕ್ಕಳು, ಮುದುಕರು. ಕೊಲ್ಲುತ್ತಿದ್ದವರು ತನ್ನ ಕಡೆಯವರೇ.

ಒಂದು ಬಂಕರ್‌ನಲ್ಲಿ ಹಳ್ಳಿಯ ಕೆಲವರು ಅವಿತು ಕೂತಿದ್ದರು. ಅಮೆರಿಕದ ಸೈನಿಕರು ಅತ್ತಲೇ ನಡೆದಿದ್ದರು. ಥಾಂಪ್ಸನ್ ಹೆಲಿಕಾಪ್ಟರನ್ನು ಸೀದಾ ನಡುವೆ ಇಳಿಸಿಬಿಟ್ಟ. ನಮ್ಮವರು ಈ ಜನರ ಮೇಲೆ ಗುಂಡು ಹಾರಿಸಿದರೆ ನೀವು ನಮ್ಮವರ ಮೇಲೇ ಹಾರಿಸಿ ಅಂತ ಜೊತೆಗಿದ್ದ ಲಾರೆನ್ಸ್ ಕೋಲ್ಬರ್ನ್ ಮತ್ತು ಗ್ಲೆನ್ ಆಂಡ್ರಿಯೊಟಾಗೆ ಹೇಳಿ, ತಾನು ಬಂಕರ್ ಕಡೆ ಹೋದ. ಒಳಗಿದ್ದವರನ್ನು ಕರೆತಂದು ಬೇರೆ ಹೆಲಿಕಾಪ್ಟರ್‌ನಲ್ಲಿ ಸಾಗಿಸಿದ. ಆಮೇಲೆ ಆಂಡ್ರಿಯೊಟಾ ಹಳ್ಳಕ್ಕಿಳಿದು, ಹೆಣಗಳ ಮಧ್ಯೆ ಜೀವ ಇದ್ದ ಒಂದು ಮಗುವನ್ನು ಎತ್ತಿಕೊಂಡು ಬಂದ. ಅವತ್ತು ಸತ್ತವರು ಅಮೆರಿಕದ ಲೆಕ್ಕದಲ್ಲಿ 347, ವಿಯೆಟ್ನಾಂ ಲೆಕ್ಕದಲ್ಲಿ 504.

‘ಮೇಲಿನವರು ಹೇಳಿದರು, ಮಾಡಿದೆ’ ಅನ್ನುವ ವಾದ ಹಳೆಯದು. 1474ರಲ್ಲೇ ಪೀಟರ್ ಫಾನ್ ಹಾಗೆನ್‌ಬಾಖ್ ಎಂಬ ಅಧಿಕಾರಿ ವಿಚಾರಣೆಯಲ್ಲಿ ಇದನ್ನೇ ಹೇಳಿದ್ದ. ಅವನ ಒಡೆಯ ಬರ್ಗಂಡಿಯ ದೊರೆ. ನ್ಯಾಯಾಧೀಶರು ಒಪ್ಪಲಿಲ್ಲ, ತಲೆ ಹೋಯಿತು. ಆದರೂ 1914ರ ಬ್ರಿಟಿಷ್ ಸೇನಾ ಕೈಪಿಡಿ, ಆದೇಶ ಪಾಲಿಸಿದ ಸೈನಿಕ ಯುದ್ಧಾಪರಾಧಿ ಅಲ್ಲ ಅಂತಲೇ ಹೇಳುತ್ತಿತ್ತು. ಅದು ಬದಲಾದದ್ದು 1944ರಲ್ಲಿ. ಗೆಲುವು ಹತ್ತಿರ ಬಂದು, ಸೋಲುವವರ ವಿಚಾರಣೆ ನಡೆಸಬೇಕಾದ ಹೊತ್ತಿಗೆ! ಮರುವರ್ಷ, ನಾಜಿ ನಾಯಕರ ವಿಚಾರಣೆಗೆ ಮಾಡಿದ ನ್ಯೂರೆಂಬರ್ಗ್ ನಿಯಮಗಳೂ ಅದನ್ನೇ ಹೇಳಿದವು: ಆದೇಶ ಇತ್ತು ಅಂದಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ, ಬೇಕಾದರೆ ಶಿಕ್ಷೆ ಕಡಿಮೆಯಾಗಬಹುದು.

ಕಾಗದದ ಮೇಲೆ ಸರಿ. ಆದೇಶ ಮೀರಿದವನಿಗೆ ಏನಾಗುತ್ತಿತ್ತು?

ಹ್ಯಾರಿ ಫಾರ್ ಎಂಬ ಬ್ರಿಟಿಷ್ ಸೈನಿಕ ಶೆಲ್ ಶಾಕ್, ಅಂದರೆ ಯುದ್ಧದ ಆಘಾತಕ್ಕೆ ಮನಸ್ಸು ಕುಸಿಯುವ ಕಾಯಿಲೆ, ಆಗಿ ಐದು ತಿಂಗಳು ಆಸ್ಪತ್ರೆಯಲ್ಲಿದ್ದವನು. 1916ರಲ್ಲಿ, ಮತ್ತೆ ಮುಂಚೂಣಿಗೆ ಹೋಗಲು ನನ್ನಿಂದಾಗಲ್ಲ ಅಂದ. ಹೇಡಿ ಅಂತ ತೀರ್ಮಾನಿಸಿ ಅವನದೇ ಸೇನೆ ಗುಂಡಿಟ್ಟು ಕೊಂದಿತು. ಹೆಂಡತಿಗೆ ಬರುತ್ತಿದ್ದ ದುಡ್ಡೂ ನಿಂತಿತು. ಹೆದರಿಕೆಯೋ, ಕಾಯಿಲೆಯೋ, ಮನಸ್ಸು ಒಪ್ಪದ್ದೋ ಅಂತ ವಿಂಗಡಿಸುವ ತಾಳ್ಮೆ ಯುದ್ಧಕಾಲದ ಕೋರ್ಟಿಗೆ ಎಲ್ಲಿಂದ ಬರಬೇಕು? ಹೀಗೆ ಸತ್ತ 306 ಜನರಿಗೆ ಬ್ರಿಟನ್ ಕ್ಷಮೆ ಕೊಟ್ಟದ್ದು 2006ರಲ್ಲಿ. ಹಿಟ್ಲರ್‌ನ ಸೇನೆ ಬಿಟ್ಟು ಓಡಿದವರ ಕಥೆಯೂ ಅಷ್ಟೇ. 15 ಸಾವಿರಕ್ಕೂ ಜಾಸ್ತಿ ಜನರನ್ನು ಕೊಂದರು. ಆ ತೀರ್ಪುಗಳನ್ನು ಜರ್ಮನಿಯ ಸಂಸತ್ತು ರದ್ದು ಮಾಡಿದ್ದು 2002ರಲ್ಲಿ. ಓಡಿಹೋಗಿದ್ದು ಹಿಟ್ಲರ್‌ನಿಂದ ಅಲ್ವಾ, ಅದಕ್ಕೂ ಅರ್ಧ ಶತಮಾನ ಯೋಚಿಸಬೇಕಿತ್ತಾ?

ಥಾಂಪ್ಸನ್‌ಗೆ ಮೊದಲು ಒಂದು ಪದಕ ಬಂತು. ಎರಡೂ ಕಡೆಯ ಗುಂಡಿನ ನಡುವೆ ಸಿಕ್ಕಿಬಿದ್ದ ಮಗುವನ್ನು ಉಳಿಸಿದ ಅಂತ ಪ್ರಶಸ್ತಿಪತ್ರದಲ್ಲಿ ಬರೆದಿದ್ದರು. ಅವತ್ತು ಅಲ್ಲಿ ಎರಡು ಕಡೆ ಇರಲೇ ಇಲ್ಲ. ಅವನು ಅದನ್ನು ಎಸೆದುಬಿಟ್ಟ. ಕಥೆ ಹೊರಬಿದ್ದು ಅವನು ಸಾಕ್ಷಿ ಹೇಳಿದಾಗ, ಶಿಕ್ಷೆ ಆಗಬೇಕಾದದ್ದು ಇವನಿಗೇ ಅಂದ ಸಂಸದ ಮೆಂಡೆಲ್ ರಿವರ್ಸ್. ಕೊಲ್ಲುತ್ತೇವೆ ಅಂತ ಫೋನ್ ಬರುತ್ತಿದ್ದವು. ಕೆಲವು ದಿನ ಬೆಳಗ್ಗೆ ಬಾಗಿಲು ತೆಗೆದರೆ ಸತ್ತ ಪ್ರಾಣಿ ಬಿದ್ದಿರುತ್ತಿತ್ತು.

ಅದೇ ಪ್ರಕರಣದಲ್ಲಿ ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ 22 ಜನರ ಕೊಲೆಗೆ 1971ರಲ್ಲಿ ಜೀವಾವಧಿ ಶಿಕ್ಷೆ ಪಡೆದ. ಶಿಕ್ಷೆಯಾದದ್ದು ಅವನೊಬ್ಬನಿಗೇ. ಶ್ವೇತಭವನಕ್ಕೆ ಅವನ ಪರ ಟೆಲಿಗ್ರಾಂಗಳ ಸುರಿಮಳೆ. ಕೆಲವೇ ದಿನದಲ್ಲಿ ಅಧ್ಯಕ್ಷ ನಿಕ್ಸನ್ ಅವನನ್ನು ಸೆರೆಮನೆಯಿಂದ ಗೃಹಬಂಧನಕ್ಕೆ ಕಳಿಸಿದರು. ಸುಮಾರು ಮೂರೂವರೆ ವರ್ಷಕ್ಕೆ ಅದೂ ಮುಗಿಯಿತು.

ಮೇಲಿನವರನ್ನು ಬಿಟ್ಟು ಅವನೊಬ್ಬನನ್ನೇ ಹಿಡಿದರು ಅನ್ನುವ ಸಿಟ್ಟಿನಲ್ಲಿ ನ್ಯಾಯ ಇಲ್ಲದೇ ಇಲ್ಲ. ಆದರೆ ಥಾಂಪ್ಸನ್ ಮೇಲಿನ ಸಿಟ್ಟಿಗೆ ಕಾರಣ ಬೇರೆ ಅಂತ ನನಗನಿಸುತ್ತದೆ. ‘ಯುದ್ಧ ಅಂದ್ರೆ ಹೀಗೇ’ ಅನ್ನುವ ಸಮಾಧಾನವನ್ನು ಅವನು ಕೆಡಿಸಿದ್ದ. ಅದೇ ಬೆಳಗ್ಗೆ, ಅದೇ ಜಾಗದಲ್ಲಿ, ಅದೇ ಸೇನೆಯ ಒಬ್ಬ ಬೇರೆ ಥರ ನಡೆದುಕೊಂಡಿದ್ದ. ಹಾಗೆ ನೋಡಿದರೆ ಅವನು ಒಬ್ಬನೇ ಅಲ್ಲ. ಗುಂಡು ಹಾರಿಸದೆ ಸುಮ್ನೆ ನಿಂತ ಸೈನಿಕರೂ ಅಲ್ಲಿದ್ದರು. ಅವರನ್ನು ಯಾರೂ ಬೈಯಲಿಲ್ಲ, ಹೊಗಳಲೂ ಇಲ್ಲ.

1998ರ ಮಾರ್ಚ್‌ನಲ್ಲಿ, ಮೂವತ್ತು ವರ್ಷದ ಮೇಲೆ, ಸೇನೆ ಮೂವರಿಗೂ ಸೋಲ್ಜರ್ಸ್ ಮೆಡಲ್ ಕೊಟ್ಟಿತು. ಶತ್ರುವಿನ ಜೊತೆ ಕಾದಾಟ ಇಲ್ಲದ ಸಂದರ್ಭದ ಧೈರ್ಯಕ್ಕೆ ಕೊಡುವ ಪದಕ ಅದು. ಆಂಡ್ರಿಯೊಟಾ ಆ ಘಟನೆ ಆದ ಮೂರೇ ವಾರಕ್ಕೆ ಯುದ್ಧದಲ್ಲಿ ಸತ್ತಿದ್ದ. ಉಳಿದಿಬ್ಬರು ಅದೇ ತಿಂಗಳು ಮೈ ಲಾಯ್‌ಗೆ ಹೋದರು. ಬದುಕುಳಿದ ಒಬ್ಬ ಹೆಂಗಸು ಕೇಳಿದ ಪ್ರಶ್ನೆಯನ್ನು ಥಾಂಪ್ಸನ್ ಆಮೇಲೆ ನೆನೆಸಿಕೊಂಡಿದ್ದ: ಕೊಂದವರು ನಿಮ್ಮ ಜೊತೆ ಯಾಕೆ ಬರಲಿಲ್ಲ? ಬಂದಿದ್ದರೆ ಅವರನ್ನು ಕ್ಷಮಿಸುತ್ತಿದ್ದೆವು.

ಕ್ಯಾಲಿ ಮೊದಲ ಸಲ ಜನರ ಮುಂದೆ ಕ್ಷಮೆ ಕೇಳಿದ್ದು 2009ರಲ್ಲಿ. ಆಗ ಥಾಂಪ್ಸನ್ ತೀರಿಕೊಂಡು ಮೂರು ವರ್ಷ ಆಗಿತ್ತು.