ನರವಲ್ಲದ ‘ನರ’: ವೆರಿಕೋಸ್ ವೇನ್ಸ್ ಅಂದರೆ ಏನು?

ಬದಿಯಡ್ಕದ ಕಡೆ ಜೆಂಬರಗಳಿಗೆ ಅಡುಗೆಗೆ ಬರುವ ಒಬ್ಬರು ಅಣ್ಣ ಇದ್ದಾರೆ. ಒಂದು ಉಪನಯನದಲ್ಲಿ ಒಲೆಯ ಪಕ್ಕ ಮುಂಡನ್ನು ಎತ್ತಿ ಕಟ್ಟಿ ನಿಂತಿದ್ದರು. ಎಡಗಾಲಿನ ಮೀನಖಂಡದ ಮೇಲೆ, ಅಡಿಕೆ ಮರಕ್ಕೆ ಒಳ್ಳೆಮೆಣಸಿನ ಬಳ್ಳಿ ಹಬ್ಬಿದ ಹಾಗೆ, ನೀಲಿ ಗಂಟುಗಳು. ಪಾದದ ಗಂಟಿನ ಒಳಬದಿಯಲ್ಲಿ ಚರ್ಮ ಕಪ್ಪಾಗಿತ್ತು. ಕೇಳಿದ್ದಕ್ಕೆ, “ನರ ದೌರ್ಬಲ್ಯ ಮಾರಾಯ್ರೆ, ಎರಡು ವರ್ಷದಿಂದ ನರದ ಮಾತ್ರೆ ತಗೊಳ್ತಾ ಇದ್ದೇನೆ” ಎಂದರು.

ಅವರ ತಪ್ಪಲ್ಲ, ಪದದ ತಪ್ಪು. ಕನ್ನಡದ ಆಡುಮಾತಿನಲ್ಲಿ ‘ನರ’ ಎಂದರೆ ಎರಡೂ ಹೌದು. ರಕ್ತ ಪರೀಕ್ಷೆಗೆ ಹೋದರೆ ನರ್ಸ್ ಕೈ ತಟ್ಟಿ “ನರ ಸಿಗ್ತಾ ಇಲ್ಲ” ಎನ್ನುತ್ತಾರೆ. ಅದು ರಕ್ತ ಹರಿಯುವ ನಾಳ. ಕಾಲು ಜೋಮು ಹಿಡಿದರೆ ನಾವು ದೂರುವುದೂ ನರವನ್ನೇ. ಅದು ಮಿದುಳಿಗೆ ಸುದ್ದಿ ಮುಟ್ಟಿಸುವ ತಂತು, ಅದರಲ್ಲಿ ರಕ್ತ ಹರಿಯುವುದಿಲ್ಲ. ಕಾಸರಗೋಡಿನಲ್ಲಿ ಡಾಕ್ಟರು ಮಲಯಾಳದಲ್ಲಿ ‘ಞರಂಬು’ ಎಂದರೂ ಇದೇ ಗೊಂದಲ, ಆ ಪದಕ್ಕೂ ಎರಡೂ ಅರ್ಥ ಇದೆ. ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳಕ್ಕೆ ಶಾಲೆಯ ಪುಸ್ತಕದಲ್ಲಿರುವ ‘ಅಭಿಧಮನಿ’ ಎಂಬ ಹೆಸರು ಮನೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಹಳೆಯ ‘ಸಿರೆ’ ಎಂಬ ಪದವೇ ಸುಲಭ ಅಂತ ನನಗನಿಸುತ್ತದೆ. ವೆರಿಕೋಸ್ ವೇನ್ಸ್ ಎಂದರೆ ಉಬ್ಬಿ ಸೊಟ್ಟಗಾದ ಸಿರೆಗಳು. ಊದಿದ ಸಿರೆಗೆ ಲ್ಯಾಟಿನ್‌ನಲ್ಲಿ ‘ವೇರಿಕ್ಸ್’ ಎನ್ನುತ್ತಾರೆ, ಹೆಸರು ಅಲ್ಲಿಂದ ಬಂದದ್ದು.

ಸಿರೆ ಯಾಕೆ ಉಬ್ಬುತ್ತದೆ? ತೋಟ ಇರುವವರಿಗೆ ಇದು ತಕ್ಷಣ ಅರ್ಥವಾದೀತು. ಪಂಪಿನ ಫುಟ್‌ವಾಲ್ವ್ ಲೀಕ್ ಆದರೆ ಪೈಪಿನ ನೀರೆಲ್ಲ ಕೆರೆಗೆ ವಾಪಸ್ ಇಳಿಯುತ್ತದೆ ಅಲ್ವಾ? ಕಾಲಿನ ಸಿರೆಗಳು ರಕ್ತವನ್ನು ಕೆಳಗಿನಿಂದ ಹೃದಯಕ್ಕೆ ಏರಿಸಬೇಕು. ಅದಕ್ಕಾಗಿ ಒಳಗೆ ಅಲ್ಲಲ್ಲಿ ಪುಟ್ಟ ವಾಲ್ವ್‌ಗಳಿವೆ, ಮೇಲಕ್ಕೆ ಮಾತ್ರ ಬಿಡುತ್ತವೆ. ಪಂಪು ನಮ್ಮ ಮೀನಖಂಡ. ನಡೆಯುವಾಗ ಅದು ಸಿರೆಯನ್ನು ಹಿಂಡಿ ರಕ್ತವನ್ನು ತಳ್ಳುತ್ತದೆ. ವಾಲ್ವ್ ಸರಿಯಾಗಿ ಮುಚ್ಚದಿದ್ದರೆ ರಕ್ತ ಕೆಳಗಿಳಿದು ನಿಲ್ಲುತ್ತದೆ, ಸಿರೆ ಹಿಗ್ಗುತ್ತದೆ. ಹಿಗ್ಗಿದರೆ ವಾಲ್ವಿನ ಬಾಯಿ ಇನ್ನಷ್ಟು ತೆರೆಯುತ್ತದೆ. ಸುಮ್ನೆ ನಿಂತವರ ಪಂಪು ಆಫ್ ಆಗಿರುತ್ತದೆ. ಅಡುಗೆಯವರು, ಟೀಚರು, ಅಂಗಡಿಯಲ್ಲಿ ನಿಲ್ಲುವವರು ಇದಕ್ಕೆ ಜಾಸ್ತಿ ಸಿಕ್ಕಿಬೀಳುತ್ತಾರೆ. ಅಪ್ಪ ಅಮ್ಮನಿಗಿದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು. ಗರ್ಭಿಣಿಯರಲ್ಲಿ ಕಾಣಿಸಿಕೊಂಡದ್ದು ಹೆರಿಗೆಯ ನಂತರದ ತಿಂಗಳುಗಳಲ್ಲಿ ಎಷ್ಟೋ ಸಲ ತಗ್ಗುತ್ತದೆ.

ಸ್ಪೈಡರ್ ವೇನ್ಸ್ ಇದರ ಸಣ್ಣ ತಂಗಿ. 1 ಮಿಲಿಮೀಟರಿಗಿಂತ ತೆಳುವಾದ ಕೆಂಪು, ನೀಲಿ ಗೆರೆಗಳು ಜೇಡನ ಬಲೆಯಂತೆ ಚರ್ಮದಲ್ಲಿ ಹರಡಿರುತ್ತವೆ. ಹೆಚ್ಚಾಗಿ ನೋಡಲು ಚೆನ್ನಾಗಿಲ್ಲ ಎಂಬುದಷ್ಟೇ ತೊಂದರೆ. 3 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪಗೆ ಉಬ್ಬಿದ್ದನ್ನು ಡಾಕ್ಟರುಗಳು ವೆರಿಕೋಸ್ ಎನ್ನುತ್ತಾರೆ. ಸಂಜೆಗೆ ಕಾಲು ಭಾರ, ಬಾವು, ತುರಿಕೆ, ಆಮೇಲೆ ಆ ಕಪ್ಪು ಕಲೆ. ಕಲೆ ಬಂದ ಮೇಲೂ ಬಿಟ್ಟರೆ ಬೇಗ ಮಾಯದ ಹುಣ್ಣಾಗಬಹುದು. ಅಣ್ಣನ ಕಾಲಿನಲ್ಲಿ ನನ್ನನ್ನು ಹೆದರಿಸಿದ್ದು ಗಂಟಲ್ಲ, ಆ ಕಲೆ.

ನರದ ಮಾತ್ರೆಯಿಂದಾಗಲಿ ಬಿಸಿ ಎಣ್ಣೆಯಿಂದಾಗಲಿ ವಾಲ್ವ್ ರಿಪೇರಿ ಆಗುವುದಿಲ್ಲ. ಮೊದಲು ಡಾಪ್ಲರ್ ಸ್ಕ್ಯಾನ್ ಆಗಬೇಕು. ರಕ್ತ ಎಲ್ಲಿ ಹಿಂದಕ್ಕೆ ಇಳಿಯುತ್ತಿದೆ ಎಂದು ಅದರಲ್ಲಿ ಕಾಣುತ್ತದೆ. ಆಮೇಲೆ ಲೇಸರ್ ಅಥವಾ ರೇಡಿಯೋ ತರಂಗದ ಶಾಖ ಕೊಟ್ಟು ಕೆಟ್ಟ ಸಿರೆಯನ್ನು ಒಳಗಿನಿಂದಲೇ ಮುಚ್ಚುತ್ತಾರೆ. ಹೆಚ್ಚಾಗಿ ಅದೇ ದಿನ ನಡೆದುಕೊಂಡು ಮನೆಗೆ ಬರಬಹುದು. ಸಣ್ಣವಕ್ಕೆ ಔಷಧ ಚುಚ್ಚಿ ಮುಚ್ಚಿಸುವುದಿದೆ, ಅದು ಸ್ಕ್ಲೀರೋಥೆರಪಿ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2013ರಲ್ಲೇ ಶಾಖದ ಚಿಕಿತ್ಸೆಯನ್ನು ಮೊದಲ ಆಯ್ಕೆ ಎಂದು ಹೇಳಿತು. “ಮುಚ್ಚಿದರೆ ರಕ್ತ ಎಲ್ಲಿಂದ ಹೋಗುವುದು?” ಎಂದು ಅಣ್ಣ ಕೇಳಿದರು. ಒಳ್ಳೆಯ ಪ್ರಶ್ನೆ. ಕಾಲಿನ ಹೆಚ್ಚಿನ ರಕ್ತ ಆಳದ ಸಿರೆಗಳಲ್ಲೇ ಏರುತ್ತದೆ, ಮೇಲಿನದ್ದು ಇಲ್ಲದಿದ್ದರೂ ನಡೆಯುತ್ತದೆ.

ಬಿಗಿ ಸಾಕ್ಸ್ ಗುಣ ಮಾಡುವುದಿಲ್ಲ, ಭಾರ ಇಳಿಸುತ್ತದೆ. ಬಾವು ಏರುವ ಮೊದಲು, ಬೆಳಗ್ಗೆ ಎದ್ದ ಕೂಡಲೇ ಹಾಕಬೇಕು. ನಮ್ಮ ಏಪ್ರಿಲ್ ಸೆಖೆಯಲ್ಲಿ ಅದು ನಿಜವಾಗಿ ಕಷ್ಟ. ಸಕ್ಕರೆ ಕಾಯಿಲೆ ಇದ್ದವರು, ಬೀಡಿ ಸೇದುವವರು ಡಾಕ್ಟರನ್ನು ಕೇಳದೆ ಹಾಕಬಾರದು. ಕಾಲಿಗೆ ರಕ್ತ ಇಳಿಯುವುದೇ ಕಮ್ಮಿ ಇದ್ದರೆ ಬಿಗಿತದಿಂದ ಹಾನಿ.

ಮನೆತನದಲ್ಲಿ ಇದ್ದದ್ದನ್ನು ಪೂರ್ತಿ ತಡೆಯಲು ಆಗುವುದಿಲ್ಲ, ನಿಧಾನ ಮಾಡಬಹುದು. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ, ಪಂಪು ಓಡುತ್ತದೆ. ನಡೆಯಿರಿ, ತೂಕ ನೋಡಿಕೊಳ್ಳಿ. ಮಲಗುವಾಗ ಕಾಲ ಕೆಳಗೆ ದಿಂಬು ಇಡಿ.

ಎರಡು ವಿಷಯಕ್ಕೆ ಕಾಯಬೇಡಿ. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು ನೋವಾದರೆ ಆಳದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ. ಉಬ್ಬಿದ ಸಿರೆ ಗೀರಿ ರಕ್ತ ಚಿಮ್ಮಿದರೆ ಅಲ್ಲೇ ಮಲಗಿ ಕಾಲು ಮೇಲೆತ್ತಿ, ಶುದ್ಧ ಬೈರಾಸನ್ನು ಮಡಚಿ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ರಕ್ತ ನಿಲ್ಲುವುದಿಲ್ಲ.