ಠೇವಣಿ ಹಣದ ವಸೂಲಿ ದಾವೆ: ಸಿವಿಲ್ ನ್ಯಾಯಾಲಯದ ಅಧಿಕಾರ ಎಲ್ಲಿಯವರೆಗೆ?

ಅವಧಿ ಮುಗಿದ ಠೇವಣಿಯನ್ನು ಫೈನಾನ್ಸ್ ಸಂಸ್ಥೆ ಹಿಂದಿರುಗಿಸದಿದ್ದಾಗ ಅದರ ವಸೂಲಿಗೆ ಹೂಡುವ ದಾವೆ ಸಿವಿಲ್ ಸ್ವರೂಪದ್ದೇ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಪ್ರಕರಣದ (ಸೆಕ್ಷನ್) ಪ್ರಕಾರ, ಸ್ಪಷ್ಟವಾಗಿಯಾಗಲಿ ಸೂಚ್ಯವಾಗಿಯಾಗಲಿ ನಿರ್ಬಂಧಿಸಿರದ ಎಲ್ಲ ಸಿವಿಲ್ ದಾವೆಗಳನ್ನೂ ಸಿವಿಲ್ ನ್ಯಾಯಾಲಯ ವಿಚಾರಿಸಬಹುದು. ಕಾನೂನು ಓದುವ ನಮ್ಮಲ್ಲಿ ಹಲವರು ಪರೀಕ್ಷೆಯಲ್ಲಿ ಇಷ್ಟು ಬರೆದು ನಿಲ್ಲಿಸಿಬಿಡುತ್ತೇವೆ. ಆದರೆ ಕಷ್ಟವಿರುವುದು ‘ನಿರ್ಬಂಧಿಸಿರದ’ ಎಂಬ ಮಾತಿನಲ್ಲಿ. ಹಣ ಪಡೆದ ಸಂಸ್ಥೆ ಯಾವ ಕಾಯ್ದೆಯಡಿ ನೋಂದಣಿಯಾಗಿದೆ ಎಂಬುದನ್ನು ನೋಡದೆ ಅದಕ್ಕೆ ಉತ್ತರ ಹೇಳಲಾಗದು.

ಜನ ‘ಫೈನಾನ್ಸ್’ ಎನ್ನುವುದು ಪತ್ತಿನ ಸಹಕಾರ ಸಂಘವಾಗಿರಬಹುದು. ಆಗ ಸದಸ್ಯನ ಠೇವಣಿಯ ವಿವಾದವು 1959ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮದ 70ನೇ ಪ್ರಕರಣದಡಿ ರಿಜಿಸ್ಟ್ರಾರರ ಮುಂದೆ ಹೋಗುತ್ತದೆ. 118ನೇ ಪ್ರಕರಣ ಸಿವಿಲ್ ನ್ಯಾಯಾಲಯದ ಬಾಗಿಲು ಮುಚ್ಚುತ್ತದೆ. ಚೀಟಿ ವ್ಯವಹಾರವಾದರೆ 1982ರ ಚಿಟ್ ಫಂಡ್ಸ್ ಅಧಿನಿಯಮದ 64ನೇ ಪ್ರಕರಣದ್ದೂ ಇದೇ ದಾರಿ. ಬ್ಯಾಂಕೇತರ ಹಣಕಾಸು ಕಂಪನಿಯಾದರೆ, ಠೇವಣಿ ಮರುಪಾವತಿಗೆ ಆದೇಶಿಸುವ ಅಧಿಕಾರವನ್ನು ರಿಸರ್ವ್ ಬ್ಯಾಂಕ್ ಅಧಿನಿಯಮದ 45ಕ್ಯೂಎ ಪ್ರಕರಣವು ಈಗ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಕೊಟ್ಟಿದೆ. ಸಿವಿಲ್ ದಾವೆ ಹೂಡಿದರೆ 2013ರ ಕಂಪನಿ ಅಧಿನಿಯಮದ 430ನೇ ಪ್ರಕರಣವನ್ನು ಮುಂದಿಟ್ಟು ಪ್ರತಿವಾದಿ ಮೊದಲ ದಿನವೇ ತಕರಾರು ಎತ್ತುತ್ತಾನೆ. ಒಬ್ಬನೇ ಮಾಲೀಕನ ಅಥವಾ ಪಾಲುದಾರಿಕೆಯ ಸಂಸ್ಥೆಯಾದರೆ ಈ ಅಡ್ಡಿ ಯಾವುದೂ ಇಲ್ಲ.

ಇಂಥ ಅಡ್ಡಿ ಇಲ್ಲವೆಂದಾದರೆ, ಇನ್ನು ಯಾವ ಊರಿನ ನ್ಯಾಯಾಲಯ? ದಾವಣಗೆರೆಯ ಶಾಖೆಯಲ್ಲಿ ಹಣ ಕಟ್ಟಿ, ಅಲ್ಲಿಯೇ ರಸೀದಿ ಪಡೆದು, ಅಲ್ಲಿಯೇ ಬಡ್ಡಿ ಎಣಿಸಿಕೊಳ್ಳುತ್ತಿದ್ದ ನಿವೃತ್ತ ಶಿಕ್ಷಕರೊಬ್ಬರನ್ನು ಊಹಿಸಿಕೊಳ್ಳಿ. ಕಂಪನಿಯ ಪ್ರಧಾನ ಕಚೇರಿ ಬೆಂಗಳೂರಿನಲ್ಲಿದೆ. ರಸೀದಿಯ ಅಡಿಯಲ್ಲಿ, ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವ ಅಕ್ಷರಗಳಲ್ಲಿ, ‘ವಿವಾದಗಳು ಬೆಂಗಳೂರಿನ ನ್ಯಾಯಾಲಯಗಳ ವ್ಯಾಪ್ತಿಗೆ ಮಾತ್ರ ಒಳಪಟ್ಟಿವೆ’ ಎಂದು ಅಚ್ಚಾಗಿದೆ. ಇದಕ್ಕೆ ಹೆದರಬೇಕಾಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಪ್ರಕರಣದ ವಿವರಣೆಯಂತೆ, ವ್ಯಾಜ್ಯಕಾರಣ (ದಾವೆಗೆ ಆಧಾರವಾದ ಸಂಗತಿಗಳು) ಹುಟ್ಟಿದ ಊರಿನಲ್ಲಿ ಕಂಪನಿಯ ಶಾಖೆಯಿದ್ದರೆ ಆ ಊರಿನಲ್ಲೇ ಅದು ವ್ಯವಹಾರ ನಡೆಸುತ್ತದೆ ಎಂದು ಭಾವಿಸಬೇಕು. ಪ್ರಧಾನ ಕಚೇರಿ ಇದೆ ಎಂಬ ಒಂದೇ ಕಾರಣಕ್ಕೆ ಬೆಂಗಳೂರಿಗೆ ಅಧಿಕಾರ ಬರುವುದಿಲ್ಲ ಎಂಬುದು ಸುಪ್ರೀಂ ಕೋರ್ಟಿನ 1991ರ ಪಟೇಲ್ ರೋಡ್‌ವೇಸ್ ತೀರ್ಪಿನ ತಿರುಳು. ಕಾನೂನು ಕೊಡದ ಅಧಿಕಾರವನ್ನು ಕರಾರು ಕೊಡಲಾರದು. ಆದರೆ ರಸೀದಿಯನ್ನು ಬೆಂಗಳೂರಿನಲ್ಲಿ ಸಹಿ ಮಾಡಿ ಕಳಿಸಿದ್ದರೆ, ಇಲ್ಲವೇ ಹಣ ಮರಳಿಸಬೇಕಾದ ಸ್ಥಳವೇ ಬೆಂಗಳೂರಾಗಿದ್ದರೆ, ವ್ಯಾಜ್ಯಕಾರಣದ ಒಂದು ಭಾಗ ಅಲ್ಲೂ ಹುಟ್ಟುವುದರಿಂದ ಅದೇ ಷರತ್ತಿಗೆ ಬಲ ಬರುತ್ತದೆ. ಹಾಗಾಗಿ ವಾದಪತ್ರ (ದಾವೆಯ ಅರ್ಜಿ) ಬರೆಯುವ ಮುನ್ನ ರಸೀದಿಯ ಎರಡೂ ಮಗ್ಗುಲನ್ನು ಓದಬೇಕು. ದಾವೆಯ ಮೌಲ್ಯಕ್ಕೆ ತಕ್ಕ ಹಂತದ ನ್ಯಾಯಾಲಯವನ್ನು ಆರಿಸುವುದು ಲೆಕ್ಕದ ವಿಷಯವಷ್ಟೆ.

ಸಂಸ್ಥೆ ಮುಳುಗಿ ನೂರಾರು ಠೇವಣಿದಾರರು ಬೀದಿಗೆ ಬಿದ್ದಾಗ ಕಾನೂನಿನ ನಡೆಯೇ ಬೇರೆ. ಕರ್ನಾಟಕದಲ್ಲಿ ಹಣಕಾಸು ಸಂಸ್ಥೆಗಳ ಠೇವಣಿದಾರರ ಹಿತರಕ್ಷಣೆಗಾಗಿ 2004ರ ಅಧಿನಿಯಮವಿದೆ; 2019ರಲ್ಲಿ ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಸಂಸ್ಥೆಯ ವಂಚನೆ ಹಗರಣದಲ್ಲಿ ಸಕ್ಷಮ ಪ್ರಾಧಿಕಾರಿ (ಜಪ್ತಿಯಾದ ಆಸ್ತಿಯ ಹೊಣೆ ಹೊರುವ ಅಧಿಕಾರಿ) ನೇಮಕವಾದದ್ದು ಇದರಡಿಯಲ್ಲೇ. ಸರ್ಕಾರ ಆಸ್ತಿಯನ್ನು ಜಪ್ತಿ ಮಾಡುತ್ತದೆ, ವಿಶೇಷ ನ್ಯಾಯಾಲಯ ಅದನ್ನು ಖಾಯಂಗೊಳಿಸುತ್ತದೆ, ಬಂದ ಹಣವನ್ನು ಠೇವಣಿದಾರರಿಗೆ ನ್ಯಾಯೋಚಿತವಾಗಿ ಹಂಚಲಾಗುತ್ತದೆ. ತಮಿಳುನಾಡಿನ ಇಂಥದ್ದೇ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2011ರ ಭಾಸ್ಕರನ್ ಮೊಕದ್ದಮೆಯಲ್ಲಿ ಎತ್ತಿಹಿಡಿದಿದೆ. ಜಪ್ತಿಯ ನಂತರ ಒಬ್ಬ ಠೇವಣಿದಾರ ಸಿವಿಲ್ ಡಿಕ್ರಿ (ದಾವೆಯ ತೀರ್ಮಾನ) ಹಿಡಿದು ಅದೇ ಆಸ್ತಿಯ ಮೇಲೆ ಅಮಲ್ಜಾರಿಗೆ (ಡಿಕ್ರಿಯನ್ನು ಜಾರಿ ಮಾಡಿಸಲು) ಹೊರಟರೆ, ಉಳಿದವರ ಪಾಲನ್ನು ದಾಟಿ ಅವನೊಬ್ಬನಿಗೆ ಹಣ ಸಿಗಬೇಕು ಎಂದು ಕೇಳಿದಂತಾಗುತ್ತದೆ. ನನ್ನ ದೃಷ್ಟಿಯಲ್ಲಿ ಸೂಚ್ಯ ನಿರ್ಬಂಧಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ತಪ್ಪು ನ್ಯಾಯಾಲಯಕ್ಕೆ ಹೋದವನ ಗತಿಯೇನು? ದಾವೆ ಬೇರೆ ನ್ಯಾಯಾಲಯದಲ್ಲಿ ಹೂಡಬೇಕಾದದ್ದಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 10ನೇ ನಿಯಮದಂತೆ ವಾದಪತ್ರವನ್ನು ಹಿಂದಿರುಗಿಸಲಾಗುತ್ತದೆ. ಕಾನೂನೇ ದಾವೆಯನ್ನು ನಿಷೇಧಿಸಿದ್ದರೆ 11ನೇ ನಿಯಮದಂತೆ ತಿರಸ್ಕರಿಸಲಾಗುತ್ತದೆ. ಕೇಳಿದಾಗ ಕೊಡಬೇಕೆಂಬ ಕರಾರಿನ ಠೇವಣಿಗೆ 1963ರ ಕಾಲಪರಿಮಿತಿ ಅಧಿನಿಯಮದ 22ನೇ ಅನುಚ್ಛೇದದಂತೆ ಬೇಡಿಕೆಯ ದಿನದಿಂದ 3 ವರ್ಷ ಮಾತ್ರ ಅವಕಾಶ. ಸದ್ಭಾವನೆಯಿಂದ, ತಕ್ಕ ಎಚ್ಚರಿಕೆ ವಹಿಸಿ, ಅಧಿಕಾರವಿಲ್ಲದ ನ್ಯಾಯಾಲಯದಲ್ಲಿ ಕಳೆದ ಸಮಯವನ್ನು ಅದೇ ಅಧಿನಿಯಮದ 14ನೇ ಪ್ರಕರಣ ಈ ಲೆಕ್ಕದಿಂದ ಬಿಡುತ್ತದೆ. ಆದರೆ ಸದ್ಭಾವನೆಯನ್ನು ರುಜುವಾತುಪಡಿಸುವ ಹೊಣೆ ವಾದಿಯದೇ. ಪ್ರತಿವಾದಿ ಮೊದಲ ದಿನ ಎತ್ತಿದ ತಕರಾರನ್ನು ಕಡೆಗಣಿಸಿ ವರ್ಷಗಟ್ಟಲೆ ಅಲ್ಲೇ ಕೂತವನಿಗೆ ಅದು ಸುಲಭವಲ್ಲ.